ಹಾಲೂ ಗಟ್ಟಿ ಆಹಾರವೂ

ಮನುಷ್ಯನು ದೇವರ ಮಗು ಎಂಬುದು ಕ್ರೈಸ್ತಧರ್ಮದಲ್ಲಿ ತೀರ ಪರಿಚಿತವಾದ ಮಾತು. ಆದರೆ ಅದರೊಳಗೆ ಒಂದು ತೊಡಕಿದೆ. ಮಗು ಬೆಳೆಯಬೇಕಷ್ಟೆ, ಬೆಳೆದ ಮೇಲೂ ಮಗುವಾಗಿರುವುದು ಹೇಗೆ? ಯೇಸುಸ್ವಾಮಿ ಶಿಷ್ಯರ ನಡುವೆ ಒಂದು ಮಗುವನ್ನು ನಿಲ್ಲಿಸಿ, ಇದರಂತಾಗಿರಿ ಎಂದನೆಂದು ಮತ್ತಾಯನ ಸುವಾರ್ತೆ ತಿಳಿಸುತ್ತದೆ. ಸಂತ ಪೌಲನಾದರೋ ತನ್ನ ಪತ್ರಗಳಲ್ಲಿ ಎಳೆತನವನ್ನು ಬಿಡಿರೆಂದು ಗದರುತ್ತಾನೆ. ಎರಡೂ ಒಂದೇ ಧರ್ಮಗ್ರಂಥದ ಮಾತುಗಳು.

ಪೌಲನ ಗದರಿಕೆಗೆ ಒಳಗಾದವರು ಯಾರೆಂದು ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ. ಅವನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಪತ್ರ ಬರೆದದ್ದು ಸುಮಾರು ಕ್ರಿ. ಶ. 54ರ ಹೊತ್ತಿಗೆ. ಎರಡು ಕಡಲುಗಳ ನಡುವಣ ವ್ಯಾಪಾರದ ಊರು ಅದು. ಅಲ್ಲಿನ ವಿಶ್ವಾಸಿಗಳಿಗೆ ವಾಕ್ಚಾತುರ್ಯವಿತ್ತು, ಜ್ಞಾನವಿತ್ತು, ಪರವಶರಾಗಿ ಅರಿಯದ ಭಾಷೆಗಳಲ್ಲಿ ನುಡಿಯುವ ವರವೂ ಇತ್ತು. ಹೊರಗಿನವರು ಕಂಡಿದ್ದರೆ, ಪಕ್ವರೆಂದರೆ ಇವರೇ ಎನ್ನುತ್ತಿದ್ದರು. ಪೌಲನು ಮಾತ್ರ, ನೀವಿನ್ನೂ ಹಾಲು ಕುಡಿಯುವ ಕೂಸುಗಳು, ಗಟ್ಟಿ ಆಹಾರ ನಿಮಗೆ ದಕ್ಕದು ಎಂದುಬಿಟ್ಟ.

ಅದಕ್ಕೆ ಕಾರಣ ಅವರ ಜಗಳ. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಎಂದು ಸಭೆ ಒಡೆದಿತ್ತು. ಪ್ರಭುಭೋಜನಕ್ಕೆ ಸೇರಿದಾಗ ಉಳ್ಳವರು ಮುಂಚೆಯೇ ಉಂಡುಬಿಡುತ್ತಿದ್ದರು. ಕುಡಿದು ಅಮಲೇರಿದವರೂ ಇದ್ದರು. ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಪೌಲನು ಸೂಚಿಸಿದ ಪರಿಹಾರ ಬಲು ಸರಳ: ಒಬ್ಬರಿಗೊಬ್ಬರು ಕಾದುಕೊಂಡು ಉಣ್ಣಿರಿ. ಪಕ್ವತೆಯನ್ನು ಅವನು ಅಳೆದದ್ದು ಪಾಂಡಿತ್ಯದಲ್ಲಲ್ಲ, ಊಟದ ಪಂಕ್ತಿಯಲ್ಲಿ. ಇಬ್ರಿಯರಿಗೆ ಬರೆದ ಪತ್ರದಲ್ಲಿಯೂ ಇದೇ ಹಾಲಿನ ಮಾತು ಬರುತ್ತದೆ. ಗಟ್ಟಿ ಆಹಾರವು ಒಳಿತು ಕೆಡಕುಗಳನ್ನು ಗುರುತಿಸಲು ಪಳಗಿದವರಿಗೆ ಎಂದು ಅಲ್ಲಿದೆ. ‘ಪಳಗುವುದು’ ಎಂಬಲ್ಲಿ ಬಳಸಿರುವ ಗ್ರೀಕ್ ಪದ ಗರಡಿಮನೆಯಿಂದ ಬಂದದ್ದು. ದಿನದಿನದ ಸಾಮು ಎಂದೇ ಅದರ ಅರ್ಥ.

ಹಾಗಾದರೆ ಬೆಳೆದವನು ಮಗುವಾಗಿ ಉಳಿಯುವುದೆಂತು? ಇದಕ್ಕೆ ಪೌಲನು ರೋಮಿನ ಮನೆಗಳಿಂದ ಒಂದು ಹೋಲಿಕೆ ತರುತ್ತಾನೆ. ಆಸ್ತಿಗೆಲ್ಲ ಹಕ್ಕುದಾರನಾದ ಹುಡುಗನೂ ಪ್ರಾಯಕ್ಕೆ ಬರುವ ತನಕ ಪಾಲಕರ ಕೈಕೆಳಗೆ ಆಳಿನಂತೆ ಇರುತ್ತಾನೆ ಎಂದು ಗಲಾತ್ಯದವರಿಗೆ ಬರೆಯುತ್ತಾನೆ. ಅದರ ಬೆನ್ನಿಗೇ ದತ್ತು ಸ್ವೀಕಾರದ ಮಾತೆತ್ತುತ್ತಾನೆ. ದತ್ತು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಎಳೆಯ ಮಗು. ರೋಮನರಲ್ಲಿ ಮನೆತನಕ್ಕೆ ವಾರಸುದಾರ ಬೇಕೆಂದು ಪ್ರಾಯದವರನ್ನೇ ದತ್ತು ತೆಗೆದುಕೊಳ್ಳುವುದಿತ್ತು. ಕ್ರಿ. ಶ. 4ರಲ್ಲಿ ಅಗಸ್ಟಸ್ ಚಕ್ರವರ್ತಿ ದತ್ತಕ ಮಾಡಿಕೊಂಡ ಟೈಬೀರಿಯಸನಿಗೆ 40 ದಾಟಿತ್ತು! ಹೀಗೆ ಮಗನಾದವನು ದೇವರನ್ನು ‘ಅಬ್ಬಾ’ ಎಂದು ಕರೆಯುತ್ತಾನೆ ಎಂಬುದು ಪೌಲನ ಮಾತು. ಅರಮೇಯ ಭಾಷೆಯ ಈ ಪದ ಕೂಸಿನ ತೊದಲೆಂದು ಬಹಳ ಮಂದಿ ಬರೆದರು. ಅದು ದೊಡ್ಡವರಾದ ಮಕ್ಕಳೂ ಬಳಸುತ್ತಿದ್ದ ಮಾತೆಂದು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1988ರಲ್ಲಿ ವಾದಿಸಿದರು. ಕನ್ನಡ ಬೈಬಲಿನಲ್ಲಿ ಅದು ‘ಅಪ್ಪಾ’ ಎಂದಿದೆ. ಕನ್ನಡಿಗರಿಗೆ ಈ ಚರ್ಚೆಯ ಅಗತ್ಯವೇ ಇರಲಿಲ್ಲ. 50ರ ಮಗನೂ 80ರ ತಂದೆಯನ್ನು ನಮ್ಮಲ್ಲಿ ಅಪ್ಪಾ ಎಂದೇ ಕರೆಯುತ್ತಾನೆ.

ಆಳಿನ ಭಯದಿಂದ ಮಗನ ಸಲುಗೆಗೆ ಬರುವ ಈ ದಾರಿಯನ್ನು ಒಬ್ಬನ ಬಾಳಿನಲ್ಲಿ ಕಾಣಬೇಕಾದರೆ ಇಂಗ್ಲೆಂಡಿನ ಜಾನ್ ವೆಸ್ಲಿಯ ದಿನಚರಿಯನ್ನು ತೆರೆಯಬೇಕು. ಪಾದ್ರಿಯಾಗಿ, ಉಪವಾಸ ನಿಯಮಗಳನ್ನು ತಪ್ಪದೆ ನಡೆಸುತ್ತಿದ್ದವನು ಆತ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಹಾಯಿ ಹರಿದು ನೀರು ನುಗ್ಗಿದಾಗ ಇಂಗ್ಲಿಷರು ಚೀರಾಡಿದರು. ಜೊತೆಯಲ್ಲಿದ್ದ ಜರ್ಮನ್ ಮೊರೇವಿಯನ್ನರು ಕೀರ್ತನೆ ಹಾಡುತ್ತಲೇ ಇದ್ದರು. ತನಗೆ ಸಾವಿನ ಭಯ ಹೋಗಿಲ್ಲವೆಂಬುದು ವೆಸ್ಲಿಗೆ ಅರಿವಾಗಿತ್ತು. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಲೂಥರನ ಬರಹವನ್ನು ಓದುತ್ತಿದ್ದಾಗ ಅವನ ಎದೆ ಬೆಚ್ಚಗಾಯಿತು. ಅದಕ್ಕೆ ಕೆಲವು ತಿಂಗಳು ಮುಂಚೆ, ಅನ್ಯರನ್ನು ಪರಿವರ್ತಿಸಲು ಹೋದ ನಾನೇ ಪರಿವರ್ತನೆ ಹೊಂದಿರಲಿಲ್ಲ ಎಂದು ಅವನು ತನ್ನನ್ನು ಕಟುವಾಗಿ ಹಳಿದುಕೊಂಡು ಬರೆದಿದ್ದ. ಮುದಿತನದಲ್ಲಿ ಅದೇ ಪುಟಗಳನ್ನು ಮತ್ತೆ ಅಚ್ಚಿಗೆ ಕೊಡುವಾಗ ಅಡಿಟಿಪ್ಪಣಿಗಳನ್ನು ಸೇರಿಸಿದ: ಅದು ನಿಜವೆಂದು ಈಗ ಖಂಡಿತವಾಗಿ ಹೇಳಲಾರೆ, ಆಗಲೂ ನನಗೆ ಆಳಿನ ನಂಬಿಕೆಯಿತ್ತು, ಮಗನದು ಇರಲಿಲ್ಲ, ಅಷ್ಟೆ.