ಕುಣಿಯುವ ಚಿತ್ರಕ್ಕೆ ಎಷ್ಟು ಸೆಕೆಂಡು?

ನವೆಂಬರ್ ಬಂತೆಂದರೆ ಚಾಮರಾಜಪೇಟೆ, ಬಸವನಗುಡಿಯವರ ಮೊಬೈಲುಗಳಲ್ಲಿ ಚಿತ್ರಗಳು ಕುಣಿಯತೊಡಗುತ್ತವೆ. ಮೊದಲು ರಾಜ್ಯೋತ್ಸವದ ಬಾವುಟ, ಅದರ ಹಿಂದೆಯೇ ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ. ನಾವೆಲ್ಲ ಇವನ್ನು ಜಿಫ್ ಎನ್ನುತ್ತೇವೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ಜಿಫ್ ವೇಷ ತೊಟ್ಟ, ದನಿಯಿಲ್ಲದ ಎಂಪಿ4 ವಿಡಿಯೊ.

ಜಿಫ್ ಹುಟ್ಟಿದ್ದು 1987ರಲ್ಲಿ, ಅಮೆರಿಕದ ಕಾಂಪ್ಯುಸರ್ವ್ ಕಂಪನಿಯಲ್ಲಿ. ಸ್ಟೀವ್ ವಿಲ್‌ಹೈಟ್ ತಂಡದ ಮುಂದಿದ್ದ ಸಮಸ್ಯೆ ಕುಣಿತದ್ದಲ್ಲ. ನಿಧಾನಗತಿಯ ಮೋಡೆಮ್‌ನಲ್ಲಿ ಬಣ್ಣದ ಚಿತ್ರ ಕಳಿಸುವುದು ಹೇಗೆ ಎಂಬುದು. ಅದಕ್ಕಾಗಿ ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿ ಹಾಕಿದರು. ಒಂದೇ ಫೈಲಿನಲ್ಲಿ ಹಲವು ಚಿತ್ರ ಇಡಲು ಜಾಗವಿತ್ತು, ಕಾಲದ ಲೆಕ್ಕ ಇರಲಿಲ್ಲ. 1989ರ ಪರಿಷ್ಕರಣೆಯಲ್ಲಿ ಪ್ರತಿ ಫ್ರೇಮು ಎಷ್ಟು ಹೊತ್ತು ನಿಲ್ಲಬೇಕೆಂದು ಬರೆಯುವ ಅವಕಾಶ ಬಂತು. ಅಳತೆ, ಸೆಕೆಂಡಿನ ನೂರನೇ ಒಂದು ಭಾಗ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನ ಎರಡನೇ ಆವೃತ್ತಿ ಫ್ರೇಮುಗಳನ್ನು ಮತ್ತೆ ಮತ್ತೆ ಸುತ್ತಿಸುವ ಸೂಚನೆಯನ್ನೂ ಸೇರಿಸಿತು.

ಹೀಗೆ ತುಂಡು ತುಂಡಾಗಿ ಬೆಳೆದದ್ದರಿಂದಲೇ, ಇಡೀ ಜಿಫ್‌ನ ಅವಧಿ ಫೈಲಿನಲ್ಲಿ ಎಲ್ಲೂ ಒಟ್ಟಿಗೆ ಬರೆದಿರುವುದಿಲ್ಲ. ಫ್ರೇಮುಗಳ ಕಾಲವನ್ನು ಒಂದೊಂದಾಗಿ ಕೂಡಬೇಕು. ಪರಿಷೆಯ ಆಹ್ವಾನದಲ್ಲಿ 12 ಫ್ರೇಮು ತಲಾ 20, ದಿನಾಂಕ ತೋರಿಸುವ ಕೊನೆಯ ಫ್ರೇಮು 300 ಎಂದಿದ್ದರೆ ಒಟ್ಟು 540, ಅಂದರೆ 5.4 ಸೆಕೆಂಡು. ಇಲ್ಲೊಂದು ತೊಡಕಿದೆ. ಫ್ರೇಮಿನ ಕಾಲ 0 ಅಥವಾ 1 ಎಂದಿದ್ದರೆ ಇಂದಿನ ಬ್ರೌಸರುಗಳು ಅದನ್ನು ಸಾಮಾನ್ಯವಾಗಿ 10 ಎಂದೇ ಹಿಡಿಯುತ್ತವೆ. ಹಾಗಾಗಿ ಫೈಲಿನ ಲೆಕ್ಕಕ್ಕೂ ಪರದೆಯ ಮೇಲೆ ಕಾಣುವ ಓಟಕ್ಕೂ ತಾಳೆಯಾಗದೆ ಹೋಗಬಹುದು.

ಜಿಫ್ ಅನ್ನು ವಿಡಿಯೊಗೆ ಬದಲಿಸುವುದು ಫೈಲಿನ ಗಾತ್ರದ ಉಳಿತಾಯಕ್ಕಾಗಿ. 2003ರಲ್ಲಿ ಬಂದ, ವಿಡಿಯೊ ಕುಗ್ಗಿಸುವ ಎಚ್.264 ವಿಧಾನ, ಹಿಂದಿನ ಫ್ರೇಮಿನಲ್ಲಿದ್ದದ್ದು ಎತ್ತ ಸರಿಯಿತೆಂದು ಊಹಿಸಿ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತದೆ. ಜಿಫ್‌ಗೆ ಆ ಜಾಣ್ಮೆಯಿಲ್ಲ. 2014ರಲ್ಲಿ ಟ್ವಿಟರ್ ಜಿಫ್‌ಗಳಿಗೆ ಬಾಗಿಲು ತೆರೆದಾಗ ಮಾಡಿದ್ದೂ ಇದನ್ನೇ: ಜಿಫ್ ಪಡೆದು ಎಂಪಿ4 ತೋರಿಸಿತು.

ಕನ್ನಡಿಗರು ಗಮನಿಸಬೇಕಾದ ನಷ್ಟವೊಂದು ಇಲ್ಲಿದೆ. ಈ ವಿಡಿಯೊಗಳಲ್ಲಿ ಬೆಳಕಿನ ವಿವರ ಪೂರ್ತಿ ಉಳಿದರೂ ಬಣ್ಣದ ವಿವರವನ್ನು ಉದ್ದ, ಅಗಲ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತಾರೆ. ಮುಖಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ನಮ್ಮ ಬಾವುಟದ ಬಣ್ಣದಲ್ಲಿ, ಹಳದಿಯ ಮೇಲೆ ಕೆಂಪಿನಲ್ಲಿ ಸಣ್ಣದಾಗಿ ಬರೆದ ಅಕ್ಷರಗಳ ಅಂಚು ಮಾತ್ರ ಕದಡುತ್ತದೆ. ಮೊದಲು ಏಟು ಬೀಳುವುದು ಒತ್ತಕ್ಷರಕ್ಕೆ. ಶುಭಾಶಯ ಸಿದ್ಧಪಡಿಸುವ ಡಿಟಿಪಿಯವರು ಅಕ್ಷರವನ್ನು ದಪ್ಪಗೆ, ದೊಡ್ಡದಾಗಿ ಇಡುವುದೇ ಇದಕ್ಕೆ ಸರಿಯಾದ ಮದ್ದು.

ಜಿಫ್ ಅನ್ನು ವಿಡಿಯೊ ಮಾಡುವ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವಿದೆ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ್ದು. ಚಿತ್ರದ ಅಗಲ, ಎತ್ತರ ಎರಡೂ ಸಮಸಂಖ್ಯೆಯಲ್ಲಿರಲಿ. ಇಲ್ಲವಾದರೆ ಪರಿವರ್ತನೆ ಅಲ್ಲೇ ನಿಲ್ಲಬಹುದು. ಮುಗಿದ ಮೇಲೆ ಅವಧಿಯನ್ನು ಇನ್ನೊಮ್ಮೆ ನೋಡಿ: ಕೊನೆಯ ಫ್ರೇಮಿನ ಕಾಲ ಕೆಲವೊಮ್ಮೆ ಕಳಚಿಹೋಗುತ್ತದೆ, ಆಹ್ವಾನದ ದಿನಾಂಕ ಇರುವುದು ಅಲ್ಲೇ. ಮೂಲ ಜಿಫ್ ಅನ್ನು ದಯವಿಟ್ಟು ಅಳಿಸಬೇಡಿ. ವಿಡಿಯೊದಿಂದ ಮತ್ತೆ ಜಿಫ್ ಮಾಡಬಹುದು, ಕಳೆದುಹೋದ ಅಂಚು ಮರಳಿ ಬರುವುದಿಲ್ಲ.