ನಂಬರ್ ಪ್ಲೇಟ್ ಮೇಲೆ ಗ್ಯಾಲಕ್ಸಿ ಲೆಕ್ಕ

ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅವರ ಕಾರಿನ ನಂಬರ್ ಪ್ಲೇಟ್ ಓದಿದ್ರೆ ‘ಎನ್ ಈಕ್ವಲ್ಸ್ ಎಲ್’ ಅಂತ ಬರ್ತಿತ್ತು. ಏನಿದು?

1961ರ ನವೆಂಬರ್, ಅಮೆರಿಕದ ಗ್ರೀನ್ ಬ್ಯಾಂಕ್ ವೀಕ್ಷಣಾಲಯ. ಬೆರಳೆಣಿಕೆಯ ವಿಜ್ಞಾನಿಗಳ ಸಭೆ. ಏನೇನು ಮಾತಾಡಬೇಕು ಅಂತ ಪಟ್ಟಿ ಮಾಡೋಕೆ ಹೋಗಿ ಡ್ರೇಕ್ ಏಳು ಅಂಶ ಬರೆದ್ರು. ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತೆ, ಎಷ್ಟಕ್ಕೆ ಗ್ರಹಗಳಿವೆ, ಜೀವ ಎಲ್ಲಿ, ಬುದ್ಧಿ ಎಲ್ಲಿ... ಎಲ್ಲಾ ಗುಣಿಸಿ. ಬರೋದೇ ‘ಎನ್’: ನಮ್ಮ ಗ್ಯಾಲಕ್ಸಿಯಲ್ಲಿ ನಮಗೆ ಕೇಳಿಸಬಹುದಾದ ನಾಗರಿಕತೆಗಳು.

ಆಗ ಬೇರೆ ನಕ್ಷತ್ರಗಳ ಸುತ್ತ ಒಂದೂ ಗ್ರಹ ಗೊತ್ತಿರಲಿಲ್ಲ. ಈಗ 5,000 ದಾಟಿದೆ. ಆದರೆ ಜೀವ? ಸ್ಯಾಂಪಲ್ ಒಂದೇ, ಭೂಮಿ. ಅಗುಳು ಹಿಚುಕಿ ಅನ್ನ ಬೆಂದಿದೆಯಾ ಅಂತ ನೋಡ್ತೀವಲ್ಲ, ಅದು ಒಂದೇ ಪಾತ್ರೆಯ ಅನ್ನಕ್ಕೆ ಸರಿ. ಪಕ್ಕದ ಮನೆ ಒಲೆ ಹಚ್ಚಿದ್ದಾರೋ ಇಲ್ವೋ, ನಮ್ಮ ಅಗುಳು ಹೇಳುತ್ತಾ?

ಇನ್ನು ‘ಎಲ್’: ಒಂದು ನಾಗರಿಕತೆ ಎಷ್ಟು ವರ್ಷ ಸಂಕೇತ ಕಳಿಸ್ತಾ ಇರುತ್ತೆ ಅನ್ನೋದು. ಮಿಕ್ಕ ಆರನ್ನೂ ಗುಣಿಸಿದ್ರೆ ಹೆಚ್ಚುಕಮ್ಮಿ ಒಂದು ಅಂತ ಡ್ರೇಕ್ ಅಂದಾಜು. ಧೈರ್ಯದ ಅಂದಾಜೇ ಬಿಡಿ. ಹಾಗಾದ್ರೆ ಸರಾಸರಿ 10,000 ವರ್ಷ ಬಾಳಿದ್ರೆ, 10,000 ನೆರೆಹೊರೆ.

ನಮ್ಮ ರೇಡಿಯೋಗೆ ಇನ್ನೂ 150 ವರ್ಷವೂ ತುಂಬಿಲ್ಲ.