ಐಸಿಯು ನರ್ಸ್ ಪ್ರಾಕ್ಟೀಷನರ್: ಪರೀಕ್ಷೆಯೂ ಅದರ ತಯಾರಿಯೂ

ಅಮೆರಿಕದ ಆಸ್ಪತ್ರೆಗಳಲ್ಲಿ ಅಕ್ಯೂಟ್ ಕೇರ್ (ತೀವ್ರ ಆರೈಕೆ) ನರ್ಸ್ ಪ್ರಾಕ್ಟೀಷನರ್ ಹುದ್ದೆಯಲ್ಲಿರುವವರ ಹೊಣೆ ದೊಡ್ಡದು. ಜೀವಾಪಾಯದಲ್ಲಿರುವ ರೋಗಿಯನ್ನು ಪರೀಕ್ಷಿಸುವುದು, ಕಾಯಿಲೆ ಯಾವುದೆಂದು ನಿರ್ಧರಿಸುವುದು, ಔಷಧ ಬರೆಯುವುದು ಎಲ್ಲವೂ ಅವರ ಕೆಲಸವೇ. ವೈದ್ಯರ ಮೇಲ್ವಿಚಾರಣೆ ಎಷ್ಟಿರಬೇಕು ಎಂಬುದು ಮಾತ್ರ ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರುವಾದದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಅದನ್ನು ರೂಪಿಸಿದರು. ಆಗ ಗಮನವೆಲ್ಲ ಮಕ್ಕಳ ಆರೋಗ್ಯದ ಮೇಲಿತ್ತು. ತೀವ್ರ ಕಾಯಿಲೆಯವರ ಆರೈಕೆ ಪ್ರತ್ಯೇಕ ವಿಭಾಗವಾಗಿ ಬೆಳೆದದ್ದು ದಶಕಗಳ ನಂತರ.

ವಯಸ್ಕರ ಮತ್ತು ವೃದ್ಧರ ತೀವ್ರ ಆರೈಕೆಗೆ ಪ್ರಮಾಣಪತ್ರ ನೀಡುವ ಸಂಸ್ಥೆಗಳು ಎರಡು. ಒಂದು, ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್. ಇನ್ನೊಂದು, ಅಮೆರಿಕನ್ ಅಸೋಸಿಯೇಷನ್ ಆಫ್ ಕ್ರಿಟಿಕಲ್ ಕೇರ್ ನರ್ಸಸ್ ಸಂಘದ ಪ್ರಮಾಣೀಕರಣ ವಿಭಾಗ. ಎರಡರ ಪರೀಕ್ಷೆಯಲ್ಲೂ ಮೂರೂವರೆ ಗಂಟೆಯಲ್ಲಿ 175 ಪ್ರಶ್ನೆಗಳಿಗೆ ಉತ್ತರಿಸಬೇಕು. ಅಂಕಕ್ಕೆ ಸೇರುವುದು 150 ಮಾತ್ರ. ಉಳಿದ 25 ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡುವ ಪ್ರಶ್ನೆಗಳು, ಆದರೆ ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯುವುದಿಲ್ಲ. ಒಂದು ಪ್ರಶ್ನೆಗೆ ಸಿಗುವುದು ಸರಾಸರಿ 72 ಸೆಕೆಂಡು.

ಇಷ್ಟು ಕಡಿಮೆ ಹೊತ್ತಿನಲ್ಲಿ ಬಾಯಿಪಾಠ ಕೈಹಿಡಿಯುವುದಿಲ್ಲ. ದೇಹದೊಳಗೆ ಏನಾಗುತ್ತಿದೆ ಎಂಬುದು ಅರ್ಥವಾದವರಿಗೆ ಮಾತ್ರ ಉತ್ತರ ಬೇಗ ಹೊಳೆಯುತ್ತದೆ. ವೆಂಟಿಲೇಟರಿನ ಪ್ರಶ್ನೆಯನ್ನೇ ನೋಡಬಹುದು. 170 ಸೆಂಟಿಮೀಟರ್ ಎತ್ತರದ, 90 ಕಿಲೋ ತೂಕದ ಗಂಡಸಿಗೆ ನ್ಯುಮೋನಿಯಾದಿಂದ ಶ್ವಾಸಕೋಶಗಳೆರಡೂ ಉರಿಯೂತಕ್ಕೆ ಸಿಕ್ಕಿ ನೀರು ತುಂಬಿಕೊಂಡಿವೆ. ಈ ಸ್ಥಿತಿಯನ್ನು ಎಆರ್‌ಡಿಎಸ್ ಎನ್ನುತ್ತಾರೆ. ಒಂದು ಉಸಿರಿಗೆ ಯಂತ್ರ ಎಷ್ಟು ಗಾಳಿ ಕೊಡಬೇಕು? ಕಿಲೋಗೆ 6 ಮಿಲಿಲೀಟರ್ ಎಂಬ ನಿಯಮವನ್ನಷ್ಟೇ ಉರುಹೊಡೆದವರು 90ರಿಂದ ಗುಣಿಸಿ 540 ಎನ್ನುತ್ತಾರೆ. ಅದು ತಪ್ಪು. ಮೈ ದಪ್ಪಗಾದ ಮಾತ್ರಕ್ಕೆ ಶ್ವಾಸಕೋಶ ಹಿಗ್ಗುವುದಿಲ್ಲ. ಅದರ ಗಾತ್ರ ಎತ್ತರವನ್ನೂ ಲಿಂಗವನ್ನೂ ಅನುಸರಿಸುತ್ತದೆ. ಎತ್ತರದ ಸೂತ್ರದ ಪ್ರಕಾರ ಈ ರೋಗಿಯ ಲೆಕ್ಕದ ತೂಕ 66 ಕಿಲೋ, ಹಾಗಾಗಿ ಗಾಳಿ ಸುಮಾರು 400 ಮಿಲಿಲೀಟರ್. ಹೆಚ್ಚು ಗಾಳಿ ನುಗ್ಗಿದರೆ, ಇನ್ನೂ ಚೆನ್ನಾಗಿರುವ ಗಾಳಿಗೂಡುಗಳು ವಿಪರೀತ ಹಿಗ್ಗಿ ಗಾಸಿಗೊಳ್ಳುತ್ತವೆ. 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಕಿಲೋಗೆ 12 ಮಿಲಿಲೀಟರಿನ ಹಳೆಯ ಪದ್ಧತಿಯನ್ನು 6ರೊಂದಿಗೆ ಹೋಲಿಸಿತು. ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿದಿತ್ತು. ಪರೀಕ್ಷೆಯ ಒಂದು ಅಂಕದ ಹಿಂದೆ ಇಂಥ ಜೀವಗಳ ಲೆಕ್ಕವಿದೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವನ್ನೂ ಪ್ರಶ್ನೆಪತ್ರಿಕೆ ಪದೇ ಪದೇ ಕೇಳುತ್ತದೆ. ಮಧುಮೇಹದಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆದ ರೋಗಿಯ ಸಕ್ಕರೆ 500 ದಾಟಿದೆ, ರಕ್ತದ ಪೊಟ್ಯಾಸಿಯಂ 2.9ಕ್ಕೆ ಇಳಿದಿದೆ. ಕೈ ತಾನಾಗಿ ಇನ್ಸುಲಿನ್ ಕಡೆಗೆ ಹೋಗುತ್ತದೆ. ಆದರೆ ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದರ ಜೊತೆಗೆ ಪೊಟ್ಯಾಸಿಯಮ್ಮನ್ನೂ ಜೀವಕೋಶದೊಳಕ್ಕೆ ತಳ್ಳುತ್ತದೆ. ಮೊದಲೇ ಕಡಿಮೆಯಿದ್ದದ್ದು ಮತ್ತಷ್ಟು ಕುಸಿದು ಹೃದಯದ ಬಡಿತವೇ ತಾಳ ತಪ್ಪಬಹುದು. ಆದ್ದರಿಂದ ಮೊದಲು ಡ್ರಿಪ್ಪು ಮತ್ತು ಪೊಟ್ಯಾಸಿಯಂ, ಅನಂತರ ಇನ್ಸುಲಿನ್. ವೃದ್ಧರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು: ಗಂಭೀರ ಸೋಂಕಿದ್ದರೂ ಜ್ವರ ಕಾಣಿಸದೆ, ಬರೀ ದಿಕ್ಕು ತೋಚದಂಥ ಗೊಂದಲವೇ ಮೊದಲ ಲಕ್ಷಣವಾಗಿರಬಹುದು.

ಇಂಥ ತಿಳಿವಳಿಕೆ ನೆನಪಿನಲ್ಲಿ ಉಳಿಯುವ ಬಗೆಯನ್ನು ಮನೋವಿಜ್ಞಾನಿಗಳು ಅಳೆದು ನೋಡಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಮರು ಓದಿದವರೇ ಮುಂದಿದ್ದರು: ಶೇ. 81ಕ್ಕೆ 75. ವಾರ ಕಳೆದಾಗ ಫಲಿತಾಂಶ ತಿರುವುಮುರುವಾಯಿತು. ಮರು ಓದಿದವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ 56. ಪುಟಪುಟಕ್ಕೂ ಹಳದಿ ಗೆರೆ ಎಳೆಯುತ್ತ ಕೂರುವ ಓದು ‘ಎಲ್ಲ ಗೊತ್ತಿದೆ’ ಎಂಬ ಭ್ರಮೆ ಹುಟ್ಟಿಸುವುದು ಇದರಿಂದಲೇ. ದಿನಗಳ ಅಂತರ ಬಿಟ್ಟು, ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸೋಂಕುಗಳ ಪ್ರಶ್ನೆಗಳನ್ನು ಬೆರೆಸಿ ಬಿಡಿಸುವುದು ಲೇಸು. ತಪ್ಪಿದ ಕಡೆ ಸರಿ ಉತ್ತರ ನೋಡಿದರಷ್ಟೇ ಸಾಲದು; ಉಳಿದ ಮೂರು ಆಯ್ಕೆಗಳು ಯಾಕೆ ಸಲ್ಲವು ಎಂದೂ ವಿವರಿಸಿಕೊಳ್ಳಬೇಕು. ಐಸಿಯುವಿನಲ್ಲಿ ವರ್ಷಗಟ್ಟಲೆ ದುಡಿದವರಿಗೂ ಈ ಶ್ರಮ ತಪ್ಪಿದ್ದಲ್ಲ, ಏಕೆಂದರೆ ಪ್ರಶ್ನೆಗಳು ರಾಷ್ಟ್ರೀಯ ಮಾರ್ಗಸೂಚಿಗಳನ್ನು ಆಧರಿಸುತ್ತವೆ, ತಮ್ಮ ವಾರ್ಡಿನ ರೂಢಿಯನ್ನಲ್ಲ.

ಕರ್ನಾಟಕದಿಂದ ಹೊರಡುವ ನರ್ಸ್‌ಗಳು ಅಮೆರಿಕದಲ್ಲಿ ನೋಂದಾಯಿತ ನರ್ಸ್ ಆಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಪ್ರಾಕ್ಟೀಷನರ್ ಪರೀಕ್ಷೆಗೆ ಅದೊಂದೇ ಸಾಲದು. ಮಾನ್ಯತೆ ಪಡೆದ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಕೋರ್ಸು, ಅದರೊಳಗೆ ರೋಗಿಗಳ ನಡುವೆ ಕನಿಷ್ಠ 500 ಗಂಟೆಗಳ ಮೇಲ್ವಿಚಾರಿತ ತರಬೇತಿ ಆಗಿರಬೇಕು. ಪ್ರಾಥಮಿಕ ಆರೈಕೆಯ ಕೋರ್ಸು ಮುಗಿಸಿದವರು ತೀವ್ರ ಆರೈಕೆಯ ಪರೀಕ್ಷೆಗೆ ಕೂರುವಂತಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಕೋರ್ಸಿನ ಮಾನ್ಯತೆಯನ್ನೂ ಅದು ಯಾವ ವಿಭಾಗದ್ದು ಎಂಬುದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.